ಭಂಗಾರದೊಳಗಿನ ಬಂಗಾರ

ಕಲಬುರಗಿ ಸೀಮೆಯ ಆಡುಮಾತಿನಲ್ಲಿ ಒಂದು ಜೋಡಿ ಪದ ಉಂಟು. ‘ಬಂಗಾರ’ ಎಂದರೆ ಚಿನ್ನ. ‘ಭಂಗಾರ’ ಎಂದರೆ ತುಕ್ಕು ಹಿಡಿದ ಕಬ್ಬಿಣ, ತೂತು ಬಿದ್ದ ಕೊಡ, ಕೆಟ್ಟು ಕೂತ ರೇಡಿಯೊ, ರದ್ದಿ ಕಾಗದ. ಬೆಂಗಳೂರು ಕಡೆಯವರು ಗುಜರಿ ಎನ್ನುವುದು ಇದನ್ನೇ. ಎರಡು ಪದಗಳ ನಡುವೆ ಇರುವುದು ಒಂದು ಮಹಾಪ್ರಾಣದ ಅಂತರ. ಕೆಲವೊಮ್ಮೆ ವಸ್ತುಗಳ ನಡುವಿನ ಅಂತರವೂ ಅಷ್ಟೇ ಇರುತ್ತದೆ.

ಮಳಖೇಡ, ಸೇಡಂ, ಚಿತ್ತಾಪುರ, ಶಹಾಬಾದ, ವಾಡಿ ಸುತ್ತಮುತ್ತ ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ, ರೈಲು ಜಂಕ್ಷನ್ ಇರುವುದರಿಂದ ಹಳೆಯ ಸಾಮಾನಿಗೆ ಬರವಿಲ್ಲ. ಸಾಲದ್ದಕ್ಕೆ ಈ ಊರುಗಳಿಗೆ ಹೈದರಾಬಾದ್ ಹತ್ತಿರ. ವಾಡಿಯಿಂದ ಸಿಕಂದರಾಬಾದಿಗೆ ರೈಲುಮಾರ್ಗ ತೆರೆದದ್ದು 1874ರಲ್ಲಿ. ಗುರುವಾರ ಸೇರುವ ಅಲ್ಲಿನ ಜುಮೇರಾತ್ ಬಜಾರಿನ ಹಳೆ ಸಾಮಾನು, ಅಬಿಡ್ಸ್ ಫುಟ್‌ಪಾತ್ ಮೇಲಿನ ಭಾನುವಾರದ ಹಳೆ ಪುಸ್ತಕ, ಇವೆರಡೂ ಈ ಭಾಗದ ಎಷ್ಟೋ ವಿದ್ಯಾರ್ಥಿಗಳಿಗೆ ಪರಿಚಿತ. ಅಗ್ಗಕ್ಕೆ ಸಿಗುವುದು ಎಲ್ಲವೂ ಲಾಭವೇ? ಏನನ್ನು ಕೊಳ್ಳಬೇಕು, ಏನನ್ನು ಮುಟ್ಟಲೂ ಬಾರದು?

ಒಂದು ಸನ್ನಿವೇಶ ಕಲ್ಪಿಸಿಕೊಳ್ಳಿ. ಮಳಖೇಡದ ತಂದೆಯೊಬ್ಬ ಮನೆಯ ಅಟ್ಟದಿಂದ ಇಳಿಸಿದ ಒಂದು ಚೀಲ ರದ್ದಿ ಹೊತ್ತು ಸೇಡಂನ ಭಂಗಾರದ ಅಂಗಡಿಗೆ ಬಂದಿದ್ದಾನೆ. ಜೊತೆಗೆ ಒಂಬತ್ತನೆಯ ಇಯತ್ತೆಯ ಮಗ. ತೂಕ ಆಗುವಷ್ಟರಲ್ಲಿ ಹುಡುಗ ರಾಶಿಯೊಳಗಿಂದ ಕಿವಿ ಮುರಿದ ಕನ್ನಡಕವೊಂದನ್ನು ಎತ್ತಿಕೊಳ್ಳುತ್ತಾನೆ.

“ಏ ತಮ್ಮಾ, ಮಂದಿ ಬಿಟ್ಟ ಚಾಳೀಸ್ ತಗೊಂಡು ಏನ್ ಮಾಡ್ತಿ? ಮನ್ಯಾಗ ಕಸ ಕಡಿಮಿ ಆಗ್ಯಾದೇನು?”

“ಇಲ್ಲಪ್ಪಾ, ಇದರಾಗ ಚಂದ್ರನ್ನ ನೋಡ್ಲಿಕ್ಕೆ ಬರ್ತದ.”

ತಂದೆಗೆ ನಗು ಬರುತ್ತದೆ. ಆದರೆ ಹುಡುಗ ಹೇಳಿದ್ದು ಸರಿ.

ಚಾಳೀಸಿನಿಂದ ಚಂದ್ರನವರೆಗೆ

ನಲವತ್ತರ ಆಸುಪಾಸಿನಲ್ಲಿ ಓದಲು ಹಾಕಿಕೊಳ್ಳುವ ಕನ್ನಡಕ ಸಾಮಾನ್ಯವಾಗಿ +1 ಡಯಾಪ್ಟರ್‌ನಿಂದ ಶುರುವಾಗುತ್ತದೆ. ಇದು ಪೀನ ಮಸೂರ. +1 ಡಯಾಪ್ಟರ್ ಎಂದರೆ ಅದರ ಸಂಗಮದೂರ 1 ಮೀಟರ್. +2 ಆದರೆ ಅರ್ಧ ಮೀಟರ್. ಅಂಗಡಿಯಲ್ಲೇ ಪರೀಕ್ಷಿಸಬಹುದು. ಅಕ್ಷರದ ಮೇಲೆ ಹಿಡಿದಾಗ ಅಕ್ಷರ ದೊಡ್ಡದಾಗಿ ಕಂಡರೆ ಪೀನ, ಚಿಕ್ಕದಾಗಿ ಕಂಡರೆ ನಿಮ್ನ. ದೂರದ ಮರ ಅಥವಾ ಕಟ್ಟಡದ ತಲೆಕೆಳಗಾದ ಬಿಂಬವನ್ನು ಗೋಡೆಯ ಮೇಲೆ ಬೀಳಿಸಿ, ಬಿಂಬ ಸ್ಪಷ್ಟವಾದಾಗ ಮಸೂರಕ್ಕೂ ಗೋಡೆಗೂ ಇರುವ ದೂರವನ್ನು ಅಳೆದರೆ ಅದೇ ಸಂಗಮದೂರ.

ಈ ಮಸೂರವನ್ನು ರಟ್ಟಿನ ಕೊಳವೆಯ ಒಂದು ತುದಿಗೆ ಕೂಡಿಸಿ, ಇನ್ನೊಂದು ತುದಿಗೆ 5 ಸೆಂ.ಮೀ. ಸಂಗಮದೂರದ ಮಸೂರ ಇಟ್ಟರೆ ದೂರದರ್ಶಕ ಸಿದ್ಧ. ಹಳೆಯ ರೀಲಿನ ಕ್ಯಾಮೆರಾದ 50 ಮಿ.ಮೀ. ಲೆನ್ಸ್ ಇದಕ್ಕೆ ಸಾಕು. ಕೊಳವೆಯ ಉದ್ದ 100ಕ್ಕೆ 5 ಕೂಡಿ 105 ಸೆಂ.ಮೀ.; ವರ್ಧನೆ 100 ಭಾಗಿಸು 5, ಅಂದರೆ 20 ಪಟ್ಟು. ಗೆಲಿಲಿಯೊ 1609–10ರಲ್ಲಿ ಚಂದ್ರನ ಬೆಟ್ಟಗಳನ್ನೂ ಗುರುಗ್ರಹದ ನಾಲ್ಕು ಉಪಗ್ರಹಗಳನ್ನೂ ಕಂಡದ್ದು ಸುಮಾರು ಇಷ್ಟೇ ವರ್ಧನೆಯ ಕೊಳವೆಯಲ್ಲಿ. ಕನ್ನಡಕದ ಮಸೂರದಲ್ಲಿ ಬಿಂಬದ ಅಂಚಿಗೆ ಬಣ್ಣ ಕಟ್ಟುತ್ತದೆ. ಮುಂದಿನ ಮಸೂರಕ್ಕೆ 2 ಸೆಂ.ಮೀ. ರಂಧ್ರವಿರುವ ಕಪ್ಪು ರಟ್ಟು ಅಂಟಿಸಿದರೆ ಅದು ಕಡಿಮೆಯಾಗುತ್ತದೆ. ಒಂದು ಮಾತು ಮಾತ್ರ ಮರೆಯಕೂಡದು. ಇದರಲ್ಲಿ ಸೂರ್ಯನನ್ನು ಎಂದೂ ನೋಡಬಾರದು. ಕಣ್ಣು ಶಾಶ್ವತವಾಗಿ ಹೋದೀತು.

ಅಯಸ್ಕಾಂತ ಕಿಸೆಯಲ್ಲಿರಲಿ

ಹಳೆ ಸಾಮಾನು ಕೊಳ್ಳಲು ಹೋಗುವವರ ಕಿಸೆಯಲ್ಲಿ ಒಂದು ಸಣ್ಣ ಅಯಸ್ಕಾಂತ ಇರಬೇಕು. ಒಡೆದ ಸ್ಪೀಕರಿನ ಹಿಂಭಾಗದಲ್ಲಿ ಅದು ಪುಕ್ಕಟೆ ಸಿಗುತ್ತದೆ. ಹಿತ್ತಾಳೆಯ ದೀಪ ಎಂದು ಮಾರುವವನ ವಸ್ತುವಿಗೆ ಅಯಸ್ಕಾಂತ ಅಂಟಿಕೊಂಡರೆ ಒಳಗಿರುವುದು ಕಬ್ಬಿಣ, ಹೊರಗಿನದು ಬರಿಯ ಲೇಪ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ, ಬೆಳ್ಳಿ, ಚಿನ್ನ ಯಾವುವೂ ಅಂಟುವುದಿಲ್ಲ. ಅಂಟಲಿಲ್ಲ ಎಂದ ಮಾತ್ರಕ್ಕೆ ಮಾಲು ಅಸಲಿ ಎಂದೂ ಅಲ್ಲ. ಸ್ಟೇನ್‌ಲೆಸ್ ಸ್ಟೀಲಿನ ಕೆಲವು ಬಗೆಗಳೂ ಅಂಟುವುದಿಲ್ಲ.

ಎರಡನೆಯ ಪರೀಕ್ಷೆ ಆರ್ಕಿಮಿಡೀಸನದು. ವಸ್ತುವನ್ನು ದಾರದಲ್ಲಿ ಕಟ್ಟಿ ಮೊದಲು ಗಾಳಿಯಲ್ಲಿ, ಆಮೇಲೆ ನೀರಿನಲ್ಲಿ ಪೂರ್ತಿ ಮುಳುಗಿಸಿ ತೂಗಬೇಕು. ಗಾಳಿಯಲ್ಲಿ 430 ಗ್ರಾಂ, ನೀರಿನಲ್ಲಿ 380 ಗ್ರಾಂ ಬಂತು ಎನ್ನೋಣ. ಕಳೆದದ್ದು 50 ಗ್ರಾಂ. 430ನ್ನು 50ರಿಂದ ಭಾಗಿಸಿದರೆ 8.6. ಇದು ಹಿತ್ತಾಳೆಯ ಸಾಪೇಕ್ಷ ಸಾಂದ್ರತೆ. ತಾಮ್ರಕ್ಕೆ ಸುಮಾರು 8.9, ಬೆಳ್ಳಿಗೆ 10.5, ಸೀಸಕ್ಕೆ 11.3, ಅಲ್ಯೂಮಿನಿಯಂಗೆ 2.7, ಚಿನ್ನಕ್ಕೆ 19.3. ಅದೇ 430 ಗ್ರಾಂ ಅಪ್ಪಟ ಚಿನ್ನವಾಗಿದ್ದರೆ ನೀರಿನಲ್ಲಿ ಕಳೆಯುವುದು ಸುಮಾರು 22 ಗ್ರಾಂ ಮಾತ್ರ. ದಾರಿಯಲ್ಲಿ ಕೈಹಿಡಿದು ನಿಲ್ಲಿಸಿ “ಹೊಲದಾಗ ಸಿಕ್ಕ ಬಂಗಾರ” ಎಂದು ಗುಟ್ಟಾಗಿ ಮಾರಲು ಬರುವವರ ಮಾತಿಗೆ ಮರುಳಾಗುವವರು ಈ ಭಾಗಾಕಾರವನ್ನು ಒಮ್ಮೆ ನೆನೆಯಬೇಕು. ಸಾಂದ್ರತೆಯೊಂದೇ ಕೊನೆಯ ಮಾತಲ್ಲ. ಟಂಗ್‌ಸ್ಟನ್ನಿನ ಸಾಂದ್ರತೆಯೂ ಚಿನ್ನದಷ್ಟೇ.

ಮಳಖೇಡದ ಲೆಕ್ಕ

ಬಂಗಾರದ ಲೆಕ್ಕ ಮಳಖೇಡಕ್ಕೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ ಇದೇ ಮಾನ್ಯಖೇಟವಾಗಿ ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಆಸ್ಥಾನದಿಂದ ಕನ್ನಡಕ್ಕೆ ‘ಕವಿರಾಜಮಾರ್ಗ’ ಬಂದದ್ದು ಎಲ್ಲರಿಗೂ ಗೊತ್ತು. ಅದೇ ಕಾಲದಲ್ಲಿ ಗಣಿತಜ್ಞ ಮಹಾವೀರಾಚಾರ್ಯ ಅಮೋಘವರ್ಷನನ್ನು ಹೊಗಳಿ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ಆರಂಭಿಸಿದ. ಅದರ ಮಿಶ್ರಕ ವ್ಯವಹಾರದಲ್ಲಿ ಬೇರೆ ಬೇರೆ ಶುದ್ಧತೆಯ ಚಿನ್ನ ಬೆರೆಸುವ ಲೆಕ್ಕಗಳಿವೆ. ಅಲ್ಲಿ ಅಪ್ಪಟ ಚಿನ್ನಕ್ಕೆ 16 ವರ್ಣ.

ಲೆಕ್ಕ ಸುಲಭ. 16 ವರ್ಣದ 5 ಗ್ರಾಂ, 12 ವರ್ಣದ 15 ಗ್ರಾಂ ಬೆರೆಸಿದರೆ ಮಿಶ್ರಣದ ವರ್ಣವೆಷ್ಟು? ಪ್ರತಿ ತುಂಡಿನ ತೂಕವನ್ನು ಅದರ ವರ್ಣದಿಂದ ಗುಣಿಸಿ ಕೂಡಿಸಬೇಕು: 80 ಮತ್ತು 180, ಒಟ್ಟು 260. ಒಟ್ಟು ತೂಕ 20ರಿಂದ ಭಾಗಿಸಿದರೆ 13 ವರ್ಣ. ಇಂದಿನ 24 ಕ್ಯಾರೆಟ್ ಲೆಕ್ಕದಲ್ಲಿ ಇದು ಹತ್ತೊಂಬತ್ತೂವರೆ ಕ್ಯಾರೆಟ್. ಈ ಗ್ರಂಥ ಶತಮಾನಗಳ ಕಾಲ ಓಲೆಗರಿಯ ಕಟ್ಟುಗಳಲ್ಲಿ ಉಳಿದು, 1912ರಲ್ಲಿ ಎಂ. ರಂಗಾಚಾರ್ಯರಿಂದ ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಲ್ಲಿ ಅಚ್ಚಾಯಿತು. ಆ ಓಲೆಗಳನ್ನು ಯಾರಾದರೂ ಒಲೆಗೆ ಹಾಕಿದ್ದರೆ ಮಳಖೇಡದ ಕಾಲದ ಈ ಲೆಕ್ಕ ಇಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಹಳೆಯ ಪುಸ್ತಕ ಓದುವ ಬಗೆ

1663ರಲ್ಲಿ ಕೇಂಬ್ರಿಜ್ ಬಳಿಯ ಸ್ಟೂರ್‌ಬ್ರಿಜ್ ಜಾತ್ರೆಯಲ್ಲಿ ವಿದ್ಯಾರ್ಥಿ ನ್ಯೂಟನ್ ಒಂದು ಜ್ಯೋತಿಷ್ಯದ ಪುಸ್ತಕ ಕೊಂಡ. ಅದರಲ್ಲಿನ ಚಿತ್ರವೊಂದು ತ್ರಿಕೋನಮಿತಿ ಬಾರದೆ ಅರ್ಥವಾಗಲಿಲ್ಲ. ತ್ರಿಕೋನಮಿತಿಯ ಪುಸ್ತಕ ತಂದ. ಅದರ ಸಾಧನೆಗಳು ತಿಳಿಯಲಿಲ್ಲ. ಕೊನೆಗೆ ಯೂಕ್ಲಿಡನ ಜ್ಯಾಮಿತಿ ತಂದು ಮೊದಲಿನಿಂದ ಓದಿದ. ಜಾತ್ರೆಯ ಆ ಪುಸ್ತಕಕ್ಕಿಂತ ಅದು ಎಬ್ಬಿಸಿದ ಪ್ರಶ್ನೆಗೆ ಬೆಲೆ ಹೆಚ್ಚು.

ಇಂದಿಗೂ ಬೆಂಗಳೂರಿನ ಅವೆನ್ಯೂ ರಸ್ತೆ, ಹೈದರಾಬಾದಿನ ಅಬಿಡ್ಸ್ ಬಡ ವಿದ್ಯಾರ್ಥಿಗಳ ಆಸರೆ. “ಸಿಲಬಸ್ ಬದಲಾಗ್ಯಾದ, ಹಳೇದು ಯಾಕ?” ಎಂದು ಪಾಲಕರು ಕೇಳುವುದು ಸರಿಯೇ. ಪರೀಕ್ಷೆಗೆ ಈಗಿನ ಪಠ್ಯವೇ ಬೇಕು. ಕೊಳ್ಳುವ ಮುನ್ನ ಮುದ್ರಣದ ವರ್ಷ ನೋಡಬೇಕು. ಆದರೆ ಲಾಗರಿದಂ ಕೋಷ್ಟಕ, ಜ್ಯಾಮಿತಿಯ ಪ್ರಮೇಯ, ಒಳ್ಳೆಯ ನಿಘಂಟು ಹಳತಾಗುವುದಿಲ್ಲ. ವಿಜ್ಞಾನದ ಹಳೆ ಪುಸ್ತಕವನ್ನು ಕೈಯಲ್ಲಿ ಪೆನ್ಸಿಲ್ ಹಿಡಿದು ಓದಬೇಕು. ಅದರಲ್ಲಿ ಒಂಬತ್ತು ಗ್ರಹಗಳಿದ್ದರೆ, 2006ರಲ್ಲಿ ಪ್ಲೂಟೊ ಕುಬ್ಜಗ್ರಹವಾಯಿತೆಂದು ಅಂಚಿನಲ್ಲಿ ಬರೆಯಬೇಕು. ಕಿಲೋಗ್ರಾಂ ಎಂದರೆ ಪ್ಯಾರಿಸ್ ಬಳಿಯ ಪ್ಲಾಟಿನಂ–ಇರಿಡಿಯಂ ಉರುಳೆ ಎಂದಿದ್ದರೆ, 2019ರ ಮೇ 20ರಿಂದ ಅದನ್ನು ಪ್ಲಾಂಕ್ ಸ್ಥಿರಾಂಕದಿಂದ ನಿರೂಪಿಸಲಾಗಿದೆ ಎಂದು ತಿದ್ದಬೇಕು. ಹೀಗೆ ತಿದ್ದಿದ ಪುಸ್ತಕ ವಿಜ್ಞಾನ ಹೇಗೆ ನಡೆಯುತ್ತದೆಂದು ಹೊಸ ಪುಸ್ತಕಕ್ಕಿಂತ ಚೆನ್ನಾಗಿ ಕಲಿಸುತ್ತದೆ.

ಮುಟ್ಟಬಾರದ ಮಾಲು

ಗುಜರಿಯಲ್ಲಿ ಸಾವೂ ಅಡಗಿರಬಹುದು. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಪಾಳುಬಿದ್ದ ಚಿಕಿತ್ಸಾಲಯದಿಂದ ಒಯ್ದ ಯಂತ್ರವನ್ನು ಒಡೆದಾಗ ಒಳಗಿನ ಸೀಸಿಯಂ-137ರ ಪುಡಿ ಕತ್ತಲೆಯಲ್ಲಿ ನೀಲಿಯಾಗಿ ಹೊಳೆಯಿತು. ಸೊಗಸಾಗಿದೆಯೆಂದು ಜನ ಹಂಚಿಕೊಂಡರು. ನಾಲ್ವರು ಸತ್ತರು, ಅವರಲ್ಲಿ ಒಬ್ಬಳು ಆರು ವರ್ಷದ ಬಾಲಕಿ. ನಮ್ಮ ದೇಶದಲ್ಲೇ 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಪೇಟೆಗೆ, ಪ್ರಯೋಗಾಲಯವೊಂದರಿಂದ ಹರಾಜಾದ ಹಳೆ ಯಂತ್ರದೊಳಗೆ ಕೋಬಾಲ್ಟ್-60 ಬಂದು ಒಬ್ಬ ಕೆಲಸಗಾರ ಪ್ರಾಣ ಕಳೆದುಕೊಂಡ. ಹಳದಿ ಹಿನ್ನೆಲೆಯ ಮೇಲೆ ಮೂರು ರೆಕ್ಕೆಗಳ ಗುರುತು ಕಂಡರೆ ದೂರ ಸರಿದು ದೊಡ್ಡವರಿಗೆ, ಪೊಲೀಸರಿಗೆ ತಿಳಿಸಬೇಕು.

ಅಷ್ಟು ದೊಡ್ಡ ಅಪಾಯ ಅಪರೂಪ. ದಿನನಿತ್ಯದ ಅಪಾಯಗಳು ಬೇರೆ. ಇನ್ವರ್ಟರ್ ಬ್ಯಾಟರಿಯಲ್ಲಿ ಗಂಧಕಾಮ್ಲ ಮತ್ತು ಸೀಸ; ಟ್ಯೂಬ್‌ಲೈಟಿನಲ್ಲಿ ಪಾದರಸ; ಹಳೆಯ ಡಬ್ಬಿ ಟಿವಿಯಲ್ಲೂ ಮೈಕ್ರೋವೇವ್ ಒಲೆಯಲ್ಲೂ ವಿದ್ಯುತ್ ತೆಗೆದ ಮೇಲೂ ಉಳಿಯುವ ಸಾವಿರಾರು ವೋಲ್ಟ್. ಇವನ್ನು ಮಕ್ಕಳು ಬಿಚ್ಚಲೇಬಾರದು. ತಾಮ್ರಕ್ಕಾಗಿ ತಂತಿಯ ಪ್ಲಾಸ್ಟಿಕ್ ಸುಡುವುದೂ ಬೇಡ. ಆ ಹೊಗೆ ವಿಷ.

ನಿಧಿ ಯಾರದು?

ಮಳಖೇಡದಂಥ ಊರಿನಲ್ಲಿ ಇನ್ನೊಂದು ಆಸೆ ಹುಟ್ಟುವುದು ಸಹಜ. ಕಾಗಿಣಾ ದಂಡೆಯ ಕೋಟೆ ಇದೆ, ನೇಮಿನಾಥ ಬಸದಿ ಇದೆ. ನೇಗಿಲಿಗೆ ಹಳೆಯ ನಾಣ್ಯವೋ ಶಿಲ್ಪದ ತುಂಡೋ ಸಿಕ್ಕರೆ ಸಂತೆಯಲ್ಲಿ ಮಾರಬಹುದಲ್ಲ ಎಂಬ ಆಸೆ. ಕಾನೂನು ಇದನ್ನು ಒಪ್ಪುವುದಿಲ್ಲ. ಮಣ್ಣಿನಲ್ಲಿ ಹುದುಗಿದ ಬೆಲೆಬಾಳುವ ವಸ್ತು ಸಿಕ್ಕರೆ ಅಧಿಕಾರಿಗಳಿಗೆ ತಿಳಿಸಬೇಕೆಂಬ ನಿಯಮ 1878ರ ನಿಧಿ ಕಾಯ್ದೆಯಷ್ಟು ಹಳೆಯದು. 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ಶಿಲ್ಪ, ನಾಣ್ಯಗಳೂ, ಮಹತ್ವವುಳ್ಳ 75 ವರ್ಷ ದಾಟಿದ ಹಸ್ತಪ್ರತಿಗಳೂ ಪುರಾತನ ವಸ್ತುಗಳೇ.

ಕಾನೂನಿಗಿಂತ ಮುಖ್ಯ ಕಾರಣವೊಂದಿದೆ. ನಾಣ್ಯ ಯಾವ ಪದರದಲ್ಲಿ, ಯಾವ ಮಡಕೆಯ ಚೂರಿನ ಪಕ್ಕ ಇತ್ತು ಎಂಬುದರಿಂದಲೇ ಅದರ ಕಾಲ, ಅಲ್ಲಿನ ಬದುಕು ತಿಳಿಯುವುದು. ಕಿತ್ತು ತಂದ ನಾಣ್ಯ ಬರಿಯ ಲೋಹ. ಹುಣಸೆಹಣ್ಣು ಹಚ್ಚಿ ತಿಕ್ಕಿದರಂತೂ ಆಮ್ಲ ಮೇಲ್ಪದರವನ್ನೇ ತಿಂದು ಅಕ್ಷರವೂ ಮಾಸುತ್ತದೆ. ಸಿಕ್ಕದ್ದನ್ನು ತಿಕ್ಕದೆ, ತೊಳೆಯದೆ ತೋರಿಸಬೇಕಾದವರಿಗೆ ತೋರಿಸುವುದೇ ಸರಿ.

ಮಾರುವ ಮುನ್ನ

ಕೊಳ್ಳುವಾಗಿನ ಎಚ್ಚರ ಮಾರುವಾಗಲೂ ಬೇಕು. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಂದು ಓಲೆಗರಿಯ ಕಟ್ಟು ತಂದುಕೊಟ್ಟರು. ಅದನ್ನು ಬಿಚ್ಚಿ ಓದಿದ ಆರ್. ಶಾಮಶಾಸ್ತ್ರಿಗಳಿಗೆ ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ತಿಳಿಯಿತು, 1909ರಲ್ಲಿ ಅಚ್ಚಾಯಿತು. ಹೆಸರು ಮಾತ್ರ ಕೇಳಿ ಗ್ರಂಥವೇ ಕಳೆದುಹೋಯಿತೆಂದು ವಿದ್ವಾಂಸರು ಭಾವಿಸಿದ್ದ ಪುಸ್ತಕ ಅದು. ಓದಬಲ್ಲವರ ಕೈಗೆ ಬಂದದ್ದರಿಂದ ಉಳಿಯಿತು.

ಈಗ ಸೇಡಂನ ಆ ಅಂಗಡಿಗೆ ಮರಳೋಣ. ತಕ್ಕಡಿಗೆ ಸುರಿದ ರದ್ದಿಯಲ್ಲಿ ಹಳದಿಗಟ್ಟಿದ ನಾಲ್ಕು ಹಾಳೆಗಳಿವೆ. ಉರ್ದು ಬರಹ. ಈ ಭಾಗ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು. ಇಂದು ತಂದೆಗೂ ಅದನ್ನು ಓದಲು ಬಾರದು, ಮಗನಿಗೂ ಬಾರದು. ಅದಕ್ಕೇ ಅದು ರದ್ದಿಯ ಚೀಲ ಸೇರಿದೆ. ಅಂಗಡಿಯ ಹಿರಿಯ ಕನ್ನಡಕ ಏರಿಸಿ ಎರಡು ಸಾಲು ಓದುತ್ತಾನೆ. ತಕ್ಕಡಿಯಿಂದ ಹಾಳೆ ತೆಗೆದು ತಂದೆಯ ಕೈಗೆ ಕೊಡುತ್ತಾನೆ.

“ಯಪ್ಪಾ, ಇದನ್ನ ಕಿಲೋ ಲೆಕ್ಕದಾಗ ಹಾಕಬ್ಯಾಡ್ರಿ. ಇದು ನಿಮ್ಮ ಮುತ್ಯಾನ ಹೊಲದ ಕಾಗದ ಅದಾ.”

ತಂದೆ ಹಾಳೆಗಳನ್ನು ಮಡಚಿ ಅಂಗಿಯ ಒಳಕಿಸೆಯಲ್ಲಿಡುತ್ತಾನೆ. ಆಮೇಲೆ ಮಗನ ಕೈಯಲ್ಲಿದ್ದ ಕಿವಿ ಮುರಿದ ಚಾಳೀಸನ್ನು ನೋಡಿ, “ಅದರದು ಎಷ್ಟಾಯ್ತ್ರಿ?” ಎಂದು ಕೇಳುತ್ತಾನೆ.

ಪ್ರತಿ ಮನೆಯಲ್ಲೂ ಇಂಥ ಒಂದು ಚೀಲವಿರುತ್ತದೆ. ತೂಕಕ್ಕೆ ಹಾಕುವ ಮುನ್ನ ತಂದೆತಾಯಿ, ಮಕ್ಕಳು ಕೂಡಿ ಒಂದು ಸಂಜೆ ಅದನ್ನು ಬಿಚ್ಚಿ ನೋಡಲಿ. ಓದಲು ಬಾರದ್ದನ್ನು ಓದಬಲ್ಲವರಿಗೆ ತೋರಿಸಲಿ. ಮಕ್ಕಳಿಗೊಂದು ಲೆಕ್ಕ: 22 ಕ್ಯಾರೆಟ್ ಚಿನ್ನ ಮಹಾವೀರಾಚಾರ್ಯನ ಅಳತೆಯಲ್ಲಿ ಎಷ್ಟು ವರ್ಣ? ಉತ್ತರ ಹದಿನಾಲ್ಕು ಪೂರ್ಣ ಮೂರನೆಯ ಎರಡು ಬಂದರೆ ಲೆಕ್ಕ ಸರಿ.