ಮೊಣಕಾಲುದ್ದ ನೀರು, ನೂರು ಕಿ.ಮೀ. ವೇಗ: ನಮ್ಮ ಅಳಿವೆಯವರಿಗೆ ಇದರಲ್ಲೇನು ಪಾಠ?

"ಇಲ್ಲೇನೂ ಆಳ ಇಲ್ಲ, ಇಳೀಬಹುದು ಬನ್ನಿ." ಕಡಲತೀರದಲ್ಲಿ ಅಂಗಡಿ ಇಟ್ಟವರಿಗೆ ಈ ಮಾತು ಹೊಸತಲ್ಲ. ಘಟ್ಟದ ಮೇಲಿನಿಂದ ಬಸ್ಸಿನಲ್ಲಿ ಬಂದವರು ಪ್ಯಾಂಟ್ ಮಡಚಿಕೊಂಡು ನೀರಿಗಿಳಿಯುವಾಗ ಇದನ್ನೇ ಹೇಳಿಕೊಳ್ಳುತ್ತಾರೆ. ಆಳ ಇದ್ದರೆ ಅಪಾಯ, ಆಳ ಇಲ್ಲದಿದ್ದರೆ ಅಪಾಯ ಇಲ್ಲ ಎಂಬುದು ಎಲ್ಲರ ಲೆಕ್ಕ. ಆ ಲೆಕ್ಕ ಎಷ್ಟು ತಪ್ಪು ಅನ್ನೋದಕ್ಕೆ ಜಗತ್ತಿನ ಅತಿ ವೇಗದ ಒಂದು ನೀರಿನಾಟವೇ ಸಾಕ್ಷಿ. ಆ ಆಟ ನಡೆಯುವುದೇ ಮೊಣಕಾಲುದ್ದದ ನೀರಿನಲ್ಲಿ.

ನಮ್ಮ ಕರಾವಳಿಯಲ್ಲಿ ಸರ್ಫಿಂಗ್ ಈಗ ಅಪರೂಪವಲ್ಲ. ಮುಲ್ಕಿಯಲ್ಲಿ ಸರ್ಫಿಂಗ್ ಕಲಿಸೋದು ಶುರುವಾಗಿ ಎರಡು ದಶಕವಾಗಿದೆ. ಸಸಿಹಿತ್ಲು, ಪಣಂಬೂರಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳು ನಡೆದಿವೆ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಕಯಾಕ್ ಬಂತು, ನಿಂತು ಹುಟ್ಟು ಹಾಕುವ ಪ್ಯಾಡಲ್ ಹಲಗೆ ಬಂತು. ಮುಂದೆ ಹಾಯಿ ಕಟ್ಟಿದ ಹಲಗೆಯೂ ಬರಬಹುದು. ಬರಲಿ, ಬೇಡ ಅನ್ನೋದಲ್ಲ. ಬರುವ ಮೊದಲು ನಾವು ಏನು ತಿಳಿದಿರಬೇಕು ಅನ್ನೋದು ಪ್ರಶ್ನೆ.

ಏನಿದು ಆಟ?

ವಿಂಡ್‌ಸರ್ಫಿಂಗ್ ಅಂದರೆ ಸರ್ಫ್ ಹಲಗೆಯ ಮೇಲೆ ಒಂದು ಕಂಬ, ಕಂಬಕ್ಕೊಂದು ಹಾಯಿ. ಎಂಜಿನ್ ಇಲ್ಲ, ಪೆಟ್ರೋಲ್ ಇಲ್ಲ, ಗಾಳಿ ಮಾತ್ರ. ಸವಾರ ಹಾಯಿಯ ಅಡ್ಡಪಟ್ಟಿ ಹಿಡಿದು, ಸೊಂಟದ ಪಟ್ಟಿಯ ಕೊಕ್ಕೆಯನ್ನು ಅದಕ್ಕೆ ಸಿಕ್ಕಿಸಿ, ಮೈ ಹಿಂದಕ್ಕೆ ಬಾಗಿಸಿ ನಿಲ್ಲುತ್ತಾನೆ. ಹಲಗೆಯ ಅಡಿಯಲ್ಲಿ ಮೀನಿನ ರೆಕ್ಕೆಯಂಥ ಒಂದು ತುಂಡು ಇರುತ್ತದೆ, ಅದಕ್ಕೆ ಫಿನ್ ಅಂತಾರೆ. ಹಲಗೆ ಪಕ್ಕಕ್ಕೆ ಜಾರದಂತೆ ತಡೆಯೋದು ಅದೇ.

ಇದರಲ್ಲೇ ವೇಗಕ್ಕೆಂದೇ ಮೀಸಲಾದ ಒಂದು ಪಂಗಡ ಇದೆ. ಅಲ್ಲಿ ಅಲೆ ಹತ್ತೋದು, ಗಾಳಿಯಲ್ಲಿ ಪಲ್ಟಿ ಹೊಡೆಯೋದು ಯಾವುದೂ ಇಲ್ಲ. 500 ಮೀಟರ್ ದೂರವನ್ನು ಸರಾಸರಿ ಎಷ್ಟು ವೇಗದಲ್ಲಿ ದಾಟಿದಿರಿ ಅನ್ನೋದಷ್ಟೇ ಲೆಕ್ಕ. 1986ರಲ್ಲಿ ಫ್ರಾನ್ಸಿನ ಪಾಸ್ಕಲ್ ಮಾಕಾ 38.86 ನಾಟ್ ವೇಗ ಮುಟ್ಟಿದಾಗ ಅದು ಎಲ್ಲ ಬಗೆಯ ಹಾಯಿದೋಣಿಗಳನ್ನೂ ಮೀರಿದ ದಾಖಲೆಯಾಗಿತ್ತು. ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ. 2015ರಲ್ಲಿ ಫ್ರಾನ್ಸಿನವರೇ ಆದ ಆಂಟ್ವಾನ್ ಆಲ್ಬೋ 53.27 ನಾಟ್ ಮುಟ್ಟಿದರು. ಗಂಟೆಗೆ 98 ಕಿ.ಮೀ. ದಾಟಿದ ವೇಗವದು. ಅರ್ಧ ಕಿಲೋಮೀಟರ್‌ಗೆ ಹದಿನೆಂಟು ಸೆಕೆಂಡು! ನಮ್ಮ ಹೆದ್ದಾರಿಯಲ್ಲಿ ಎಕ್ಸ್‌ಪ್ರೆಸ್ ಬಸ್ಸು ಓಡಿದ್ದಕ್ಕಿಂತ ಜೋರು, ಅದೂ ಬರೀ ಗಾಳಿಯಲ್ಲಿ.

ಆಲ್ಬೋ ದಾಖಲೆ ಬರೆದ ಜಾಗ ನೈಋತ್ಯ ಆಫ್ರಿಕಾದ ನಮೀಬಿಯಾ ದೇಶದ ಲ್ಯೂಡೆರಿಟ್ಜ್. ಮರುಭೂಮಿ ಬಂದು ಕಡಲಿಗೆ ಮುಟ್ಟುವ ಕಡೆ ಇರುವ ಸಣ್ಣ ಬಂದರು ಊರು. ಅಲ್ಲಿನ ಆಳವಿಲ್ಲದ ಹಿನ್ನೀರಿನ ಅಂಚಿನಲ್ಲಿ ವೇಗಕ್ಕೆಂದೇ ಒಂದು ಕಾಲುವೆ ತೋಡಿದ್ದಾರೆ, ಕೆಲವೇ ಮೀಟರ್ ಅಗಲದ್ದು. ಇದಕ್ಕೂ ಮೊದಲು ದಕ್ಷಿಣ ಫ್ರಾನ್ಸಿನ ಸೇಂತ್ ಮರೀ ದ ಲಾ ಮೇರ್ ಎಂಬಲ್ಲಿ ಇಂಥದ್ದೇ ಕಾಲುವೆ ಇತ್ತು. 2005 ಮತ್ತು 2008ರ ದಾಖಲೆಗಳು ಅಲ್ಲಿ ಆದವು.

ಆಳ ಇಲ್ಲದ ನೀರೇ ಯಾಕೆ?

ಸಮುದ್ರ ಇಷ್ಟು ದೊಡ್ಡದಿರುವಾಗ ಕಾಲುವೆ ಯಾಕೆ ತೋಡಬೇಕು? ದೋಣಿ ನಡೆಸುವವರಿಗೆ ಉತ್ತರ ಗೊತ್ತು. ಜೋರು ಗಾಳಿ ಬೇಕು, ಆದರೆ ಅಲೆ ಬೇಡ. ಇವೆರಡೂ ಒಟ್ಟಿಗೆ ಸಿಗೋದು ಕಷ್ಟ. ಗಾಳಿ ನೀರಿನ ಮೇಲೆ ದೂರ ಬೀಸಿದಷ್ಟೂ ಅಲೆ ಏಳುತ್ತದೆ. ಅದಕ್ಕೇ ಗಾಳಿ ನೆಲದ ಕಡೆಯಿಂದ ಅಥವಾ ಮರಳದಿಬ್ಬ ದಾಟಿ ಬರಬೇಕು, ನೀರು ಸಿಗುವುದು ಸ್ವಲ್ಪವೇ ದೂರ ಇರಬೇಕು, ತಳ ಹತ್ತಿರ ಇರಬೇಕು. ಆಗ ಅಲೆ ಬೆಳೆಯೋದಕ್ಕೆ ಜಾಗವೇ ಇರೋದಿಲ್ಲ. ನೀರು ಗಾಜಿನ ಹಾಗೆ ಮಟ್ಟಸವಾಗಿರುತ್ತದೆ, ಮೇಲೆ ಬಿರುಗಾಳಿ ಬೀಸುತ್ತಿರುತ್ತದೆ.

ಅಂದರೆ ವೇಗ ಕೊಡುವ ಕಾರಣಗಳು ಮೂರು: ದಡ ಹತ್ತಿರ, ತಳ ಹತ್ತಿರ, ಗಾಳಿ ನೆಲದ ಕಡೆಯಿಂದ. ಅಪಾಯ ತರುವ ಕಾರಣಗಳೂ ಇವೇ ಮೂರು. ಈ ಆಟದ ಗುಟ್ಟು ಇಷ್ಟೇ.

ಎಡವಟ್ಟು ಆಗೋದು ಹೇಗೆ?

ಮೊದಲನೇದು, ತಳ. ಫಿನ್ ಹಲಗೆಯಿಂದ ಒಂದು ಗೇಣಿನಷ್ಟು ಕೆಳಗಿರುತ್ತದೆ. ನೀರು ಕೆಲವು ಇಂಚು ಇಳಿದರೆ, ಅಥವಾ ನಿನ್ನೆ ಇಲ್ಲದ ಮರಳದಿಣ್ಣೆ ಇವತ್ತು ಎದ್ದಿದ್ದರೆ, ಫಿನ್ ನೆಲಕ್ಕೆ ಕಚ್ಚುತ್ತದೆ. ಹಲಗೆ ಗಕ್ಕನೆ ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ. ಸೊಂಟದ ಕೊಕ್ಕೆ ಹಾಯಿಗೆ ಸಿಕ್ಕಿರುವುದರಿಂದ ಕವಣೆ ಕಲ್ಲಿನ ಹಾಗೆ ಹಾಯಿ ಸಮೇತ ಮುಂದಕ್ಕೆ ಎಸೆಯಲ್ಪಡುತ್ತಾನೆ. ಬೀಳೋದು ಕಂಬದ ಮೇಲೋ, ಹಲಗೆಯ ಮೂತಿಯ ಮೇಲೋ, ಮೊಣಕಾಲುದ್ದ ನೀರಿನ ಕೆಳಗಿನ ಗಟ್ಟಿ ಮರಳಿನ ಮೇಲೋ.

ಇದನ್ನು ಎತ್ತರದ ಲೆಕ್ಕದಲ್ಲಿ ನೋಡಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬಡಿದರೆ ಸುಮಾರು 10 ಮೀಟರ್ ಮೇಲಿಂದ, ಅಂದರೆ ಮೂರನೇ ಮಹಡಿಯಿಂದ ಬಿದ್ದಷ್ಟು ಪೆಟ್ಟು. 100 ಕಿ.ಮೀ. ಅಂದರೆ ಎರಡರಷ್ಟಲ್ಲ, ನಾಲ್ಕರಷ್ಟು, ಹೆಚ್ಚುಕಡಿಮೆ 39 ಮೀಟರ್. ಆಳದ ನೀರಾದರೆ ಮೈ ಮುಳುಗುತ್ತಾ ಮುಳುಗುತ್ತಾ ವೇಗ ಕಳೆದುಕೊಳ್ಳುತ್ತದೆ. ಆಳ ಇಲ್ಲದ ಕಡೆ ಆ ಅವಕಾಶ ಇಲ್ಲ. ತಲೆ ಮುಂದಾಗಿ ಬಿದ್ದರೆ ಕತ್ತಿನ ಮೂಳೆಗೇ ಕುತ್ತು.

ಎರಡನೇದು, ದಡ. ಹೆಚ್ಚು ಮಟ್ಟಸ ನೀರು ಸಿಗೋದು ದಡದ ಅಂಚಿಗೆ ಅಂಟಿಕೊಂಡು ಹೋದಾಗ. ಹಾಗಾಗಿ ಪಳಗಿದವರೂ ಅಂಚಿಗೇ ಆಸೆಪಡುತ್ತಾರೆ. ಆ ವೇಗದಲ್ಲಿ ಒಂದು ಸೆಕೆಂಡು ಕೈತಪ್ಪಿದರೆ 27 ಮೀಟರ್ ಮುಂದೆ ಹೋಗಿರುತ್ತಾರೆ.

ಮೂರನೇದು, ಗಾಳಿಯ ದಿಕ್ಕು. ನೆಲದ ಕಡೆಯಿಂದ ಬೀಸುವ ಗಾಳಿ ದಡದಲ್ಲಿ ನಿಂತವರಿಗೆ ಸೌಮ್ಯವಾಗಿ ಕಾಣುತ್ತದೆ, ನೀರೂ ಸುಮ್ಮನಿರುತ್ತದೆ. ಆದರೆ ಕಂಬ ಮುರಿದರೆ, ಹಗ್ಗ ಹರಿದರೆ ಆ ಗಾಳಿ ಮನುಷ್ಯನನ್ನು ತಳ್ಳೋದು ಕಡಲಿನ ಕಡೆಗೆ. ಇಳಿತವೂ ಸೇರಿತೋ, ಈಜಿ ಬರೋದು ದೂರದ ಮಾತು.

ಉಳಿದಂತೆ ಸಣ್ಣಪುಟ್ಟವು ಎಂದು ಕಾಣುವ ಸಂಗತಿಗಳಿವೆ. ನೀರುಪಾಚಿ ಫಿನ್‌ಗೆ ಸುತ್ತಿಕೊಂಡರೆ ಹಲಗೆ ಹಠಾತ್ತನೆ ಪಕ್ಕಕ್ಕೆ ಜಾರುತ್ತದೆ. ಮರಳಲ್ಲಿ ಹುದುಗಿದ ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ. ತೊರಕೆ ಮೀನು ಮರಳು ಹೊದ್ದು ಮಲಗೋದೂ ಇಂಥ ನೀರಿನಲ್ಲೇ.

ಅವರು ಸಂಭಾಳಿಸೋದು ಹೇಗೆ?

ಈ ಆಟದ ಅನುಭವಿಗಳು ಹುಂಬರಲ್ಲ. ನೀರು ಇಳಿದಾಗ ಓಟದ ದಾರಿಯನ್ನು ಪೂರ್ತಿ ಕಾಲ್ನಡಿಗೆಯಲ್ಲಿ ನಡೆದು, ಕಲ್ಲು, ದಿಣ್ಣೆ, ಗುಂಡಿ ಎಲ್ಲಿದೆ ನೋಡುತ್ತಾರೆ. ಉಬ್ಬರ-ಇಳಿತದ ವೇಳಾಪಟ್ಟಿ ಕೈಯಲ್ಲಿರುತ್ತದೆ. ಹೆಲ್ಮೆಟ್, ಎದೆಗೆ ದಪ್ಪ ಜಾಕೆಟ್ ಹಾಕುತ್ತಾರೆ. ದಾರಿಯಲ್ಲಿ ಒಬ್ಬ ಇಳಿದು ಮುಗಿಸುವ ತನಕ ಇನ್ನೊಬ್ಬ ಹೊರಡುವುದಿಲ್ಲ. ಒಬ್ಬರೇ ನೀರಿಗಿಳಿಯುವುದಿಲ್ಲ. ಬಿದ್ದವನನ್ನು ಎತ್ತಲು ಜನ ಮೊದಲೇ ನಿಂತಿರುತ್ತಾರೆ.

ಆಸ್ಟ್ರೇಲಿಯಾದ ಪಾಲ್ ಲಾರ್ಸೆನ್ 2012ರಲ್ಲಿ ನಮೀಬಿಯಾದ ವಾಲ್ವಿಸ್ ಬೇಯಲ್ಲಿ ಹಾಯಿದೋಣಿಯ ವೇಗವನ್ನು 65.45 ನಾಟ್‌ಗೆ, ಅಂದರೆ ಗಂಟೆಗೆ 121 ಕಿ.ಮೀ.ಗೆ ಒಯ್ದರು. ಅದಕ್ಕೆ ನಾಲ್ಕು ವರ್ಷ ಮೊದಲು ಅವರ ಹಿಂದಿನ ದೋಣಿ ಗಾಳಿಗೆ ಎದ್ದು ಪಲ್ಟಿಯಾಗಿತ್ತು. ಆದರೂ ಬದುಕಿ ಬಂದು ದಾಖಲೆ ಬರೆದರು. ಅದು ಅದೃಷ್ಟವೊಂದರಿಂದಲೇ ಆಗೋ ಕೆಲಸ ಅಲ್ಲ, ತಯಾರಿಯೂ ಬೇಕು.

ಇನ್ನು ನಮ್ಮೂರಿಗೆ ಬನ್ನಿ

ನಮ್ಮಲ್ಲಿ ಯಾರೂ 100 ಕಿ.ಮೀ. ವೇಗದಲ್ಲಿ ಹೋಗುತ್ತಿಲ್ಲ, ಸರಿ. ಆದರೆ ಮೇಲೆ ಹೇಳಿದ ಮೂರೂ ಕಾರಣಗಳು ನಮ್ಮ ಅಳಿವೆಗಳಲ್ಲಿ ಇದ್ದೇ ಇವೆ. ಶಾಂಭವಿ-ನಂದಿನಿ ಸೇರುವ ಸಸಿಹಿತ್ಲು, ಸೀತಾ-ಸುವರ್ಣಾ ಸೇರುವ ಕೋಡಿಬೇಂಗ್ರೆ, ಗಂಗೊಳ್ಳಿ, ಹೊನ್ನಾವರದ ಶರಾವತಿ, ಕುಮಟಾದ ಅಘನಾಶಿನಿ, ಎಲ್ಲ ಕಡೆಯೂ ಒಂದು ಬದಿ ಮರಳದಿಬ್ಬ, ಒಳಗೆ ಮಟ್ಟಸ ನೀರು. ನೋಡಲು ಚಂದ, ನಂಬಲು ಕಷ್ಟ.

ಪ್ರತಿ ಮಳೆಗಾಲ ಕಳೆದ ಮೇಲೆ ಅಳಿವೆ ಬಾಯಿಯ ಮರಳು ಜಾಗ ಬದಲಿಸುತ್ತದೆ. ಹೂಳು ತುಂಬಿ ದೋಣಿ ತಾಗುತ್ತೆ ಅಂತ ನಮ್ಮ ಮೀನುಗಾರರು ಹೇಳುತ್ತಾ ಬಂದಿರೋದು ಇದನ್ನೇ. ಹೋದ ವರ್ಷ ನಡೆದು ಹೋದ ಜಾಗದಲ್ಲಿ ಈ ವರ್ಷ ಹೊಂಡ ಇರಬಹುದು. ನದಿಯಲ್ಲಿ ಮರಳು ತೆಗೆದ ಕಡೆಯಂತೂ ಎರಡು ಹೆಜ್ಜೆ ಆಚೆಗೆ ತಳವೇ ಸಿಗದಿರಬಹುದು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಇಳಿತ ಶುರುವಾದರೆ ನದಿ ನೀರೂ ಕಡಲ ನೀರೂ ಸೇರಿ ಕಿರಿದಾದ ಬಾಯಿಯಿಂದ ಹೊರಗೆ ಎಳೆಯುತ್ತದೆ. ಸೊಂಟದುದ್ದ ನೀರೇ ಕಾಲು ಕಿತ್ತು ಬಿಡಬಲ್ಲದು.

ಗಾಳಿಯೂ ಅಷ್ಟೇ. ಬೇಸಿಗೆಯ ಮಧ್ಯಾಹ್ನ ಕಡಲ ಕಡೆಯಿಂದ ಬೀಸುವ ಗಾಳಿ ವಸ್ತುಗಳನ್ನು ದಡಕ್ಕೆ ತರುತ್ತದೆ. ಮುಂಜಾನೆ ಬೀಸೋದು ನೆಲದಿಂದ ಕಡಲಿಗೆ. ಸಮುದ್ರ ಶಾಂತವಾಗಿದೆ ಅಂತ ಬೆಳಗ್ಗೆ ಏಳಕ್ಕೆ ಗಾಳಿ ತುಂಬಿದ ಟ್ಯೂಬ್ ಕೊಟ್ಟು ಮಗುವನ್ನು ಬಿಟ್ಟರೆ, ಆ ಟ್ಯೂಬೇ ಹಾಯಿಯಾಗುತ್ತದೆ. ಟ್ಯೂಬ್ ಬಾಡಿಗೆಗೆ ಕೊಡೋರು, ಮಾರೋರು ಇದೊಂದನ್ನು ಮರೆಯಬಾರದು.

ಇನ್ನೊಂದು ನಮ್ಮದೇ ಚಾಳಿ. ಸೇತುವೆ, ದಕ್ಕೆ, ಕಲ್ಲುಬಂಡೆಯಿಂದ ತಲೆ ಕೆಳಗಾಗಿ ಹಾರೋದು. ಕತ್ತು ಮುರಿಯೋದಕ್ಕೆ ಹಾಯಿ ಹಲಗೆ ಬೇಕಿಲ್ಲ, ಇಳಿತದ ಹೊತ್ತಿನ ಹೊಳೆ ಸಾಕು.

ಅಂಗಡಿಯವರ ಲೆಕ್ಕ

ಇದು ಬರೀ ಆಟಗಾರರ ವಿಷಯ ಅಲ್ಲ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಆ ಮನೆಗಳ ನಷ್ಟಕ್ಕೆ ಲೆಕ್ಕವೇ ಇಲ್ಲ. ಅದರ ಬೆನ್ನಿಗೆ ಕಡಲತೀರಕ್ಕೆ ಪ್ರವಾಸಿಗರ ಪ್ರವೇಶವೂ ನಿಂತಿತು, ಅದೂ ವರ್ಷದ ದೊಡ್ಡ ಸೀಸನ್ ಹೊತ್ತಿನಲ್ಲಿ. ಎಳನೀರು, ಚುರುಮುರಿ, ಲಾಡ್ಜು, ರಿಕ್ಷಾ, ಎಲ್ಲವೂ ಒಂದೇ ದಾರಕ್ಕೆ ಕಟ್ಟಿದ ಮಣಿ. ಜೀವರಕ್ಷಕರಿಗೆ ಸಂಬಳ ಕೊಡೋದು ದುಬಾರಿ ಅಂತ ಅನಿಸಿದರೆ, ಬೀಚ್ ಬಂದ್ ಆದ ಒಂದು ವಾರದ ಲೆಕ್ಕ ಹಾಕಿ ನೋಡಿ.

ಹಾಗಾದರೆ ಏನು ಮಾಡ್ಬಹುದು? ದೊಡ್ಡ ಯೋಜನೆ ಬೇಕಾಗಿಲ್ಲ.

ಒಂದು, ಪ್ರತಿ ಅಳಿವೆ ಕಡಲತೀರದಲ್ಲಿ ಅವತ್ತಿನ ಉಬ್ಬರ-ಇಳಿತದ ಸಮಯವನ್ನು ಕರಿಹಲಗೆಯ ಮೇಲೆ ಕನ್ನಡದಲ್ಲಿ ಬರೆಯಲಿ. ಪಂಚಾಯಿತಿಗೆ ಇದರ ಖರ್ಚು ಒಂದು ಡಬ್ಬಿ ಸೀಮೆಸುಣ್ಣ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಮುನ್ಸೂಚನೆ ಕೊಡುತ್ತದೆ, ಅದನ್ನೂ ಬರೆಯಬಹುದು.

ಎರಡು, ಹಲಗೆ, ಕಯಾಕ್ ಬಾಡಿಗೆಗೆ ಕೊಡುವವರು ಮಳೆಗಾಲ ಮುಗಿದೊಡನೆ ಇಳಿತದ ಹೊತ್ತಲ್ಲಿ ಜಾಗವನ್ನು ನಡೆದು ನೋಡಲಿ. ಊರಿನ ಮೀನುಗಾರರನ್ನು ಜೊತೆಗೆ ಕರೆಯಲಿ. ಬಳಚು, ಮರುವಾಯಿ ಹೆಕ್ಕುವ ಹೆಂಗಸರಿಗೆ ಆ ತಳದ ಪರಿಚಯ ಇದ್ದಷ್ಟು ಯಾವ ನಕ್ಷೆಗೂ ಇಲ್ಲ.

ಮೂರು, ಜಾಕೆಟ್ ಇಲ್ಲದೆ ಯಾರನ್ನೂ ನೀರಿಗೆ ಬಿಡಬಾರದು. "ಆಳ ಇಲ್ಲ ಅಲ್ವಾ ಅಣ್ಣಾ" ಅಂದರೂ ಬಿಡಬಾರದು.

ನಾಲ್ಕು, ಆಳವಿಲ್ಲದ ನೀರಲ್ಲಿ ಬಿದ್ದು ಕತ್ತಿಗೆ ಪೆಟ್ಟಾದವರನ್ನು ಕೈಕಾಲು ಹಿಡಿದು ಎಳೆಯಬೇಡಿ. ಮೊದಲು ಮುಖ ನೀರಿನಿಂದ ಮೇಲೆ ಬರಲಿ, ಉಸಿರಾಟ ಇದೆಯಾ ನೋಡಿ. ಉಸಿರಿದ್ದರೆ ತಲೆ, ಕತ್ತು, ಬೆನ್ನು ನೇರವಾಗಿ ಇರುವಂತೆ ಹಿಡಿದು ತೇಲಿಸಿಕೊಂಡೇ ದಡಕ್ಕೆ ತನ್ನಿ. ಸರ್ಫ್ ಹಲಗೆಯೇ ಸ್ಟ್ರೆಚರ್ ಆಗುತ್ತದೆ. ಉಸಿರಿಲ್ಲದಿದ್ದರೆ ತಡ ಮಾಡದೆ ದಡಕ್ಕೆ ತಂದು ಬಾಯಿಗೆ ಉಸಿರು ಕೊಡೋದು ಶುರು ಮಾಡಬೇಕು. 108 ಆಂಬುಲೆನ್ಸ್, 112 ತುರ್ತು ಸಹಾಯ, 1093 ಕರಾವಳಿ ಕಾವಲು ಪೊಲೀಸ್. ಈ ಮೂರು ನಂಬರ್ ಪ್ರತಿ ಅಂಗಡಿಯ ಗೋಡೆಯ ಮೇಲಿರಲಿ.

ಲ್ಯೂಡೆರಿಟ್ಜ್‌ನಲ್ಲಿ ಓಡುವವರು ಆಳ ಇಲ್ಲದ ನೀರಿಗೆ ಹೆದರಿ ಹೆಲ್ಮೆಟ್ ಹಾಕಿಕೊಳ್ಳುತ್ತಾರೆ. ನಾವು ಆಳ ಇಲ್ಲ ಅಂತ ಧೈರ್ಯ ಮಾಡಿ ಮಕ್ಕಳನ್ನು ಬಿಡುತ್ತೇವೆ. ಮುಂದಿನ ಸಲ ನಿಮ್ಮ ಅಂಗಡಿ ಮುಂದೆ ಯಾರಾದರೂ "ಇಲ್ಲಿ ಆಳ ಇದ್ಯಾ?" ಅಂತ ಕೇಳಿದರೆ, "ಇಲ್ಲ" ಅಂತಷ್ಟೇ ಹೇಳಿ ಕಳಿಸಬೇಡಿ. "ಈಗ ಇಳಿತ ಇದೆ, ಆ ಕಡೆ ಹೋಗ್ಬೇಡಿ" ಅಂತ ಕೈ ತೋರಿಸಿ ಹೇಳಿ.