ಧ್ವನಿಮುದ್ರಿಕೆಗಳಿಗೊಂದು ಸೂಚಿ ಬೇಕು

ಗ್ರಂಥಗಳಿಗೆ ಗ್ರಂಥಸೂಚಿಯುಂಟು, ನಕ್ಷತ್ರಗಳಿಗೆ ನಕ್ಷತ್ರಪಟ್ಟಿಯುಂಟು. ಹಳೆಯ ಗ್ರಾಮಾಫೋನ್ ಪ್ಲೇಟುಗಳಿಗೂ ಅಂತಹುದೊಂದು ಸೂಚಿ ಬೇಕೆಂದರೆ ಹಲವರು ನಗಬಹುದು. ಹಾಡಿರುವುದು ಕೇಳುವುದಕ್ಕಲ್ಲವೆ, ಎಣಿಸುವುದಕ್ಕೆ ಅದೇನು ತೆಂಗಿನಕಾಯಿಯೆ ಎಂದು ಪ್ರಶ್ನಿಸಬಹುದು. ಎಣಿಸದೆ ಹೋದರೆ ಕೇಳುವುದೂ ತಪ್ಪಾಗುತ್ತದೆಂಬುದೇ ನಾವಿಲ್ಲಿ ಹೇಳಬಯಸುವ ಮಾತು.

ಅರಗಿನಿಂದ ಮಾಡಿದ ಹತ್ತು ಅಂಗುಲದ ಪ್ಲೇಟಿನ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷಗಳ ಸಂಗೀತ ಹಿಡಿಯುತ್ತದೆ. ಅದರ ವೇಗ ನಿಮಿಷಕ್ಕೆ 78 ಸುತ್ತುಗಳೆಂದು ವಾಚಕರು ಬಲ್ಲರು. ಆದರೆ 20ನೆಯ ಶತಮಾನದ ಆದಿಭಾಗದಲ್ಲಿ ಈ ವೇಗ ಎಲ್ಲೆಡೆಯೂ ಒಂದೇ ಆಗಿರಲಿಲ್ಲ. 74 ಸುತ್ತುಗಳ ವೇಗದಲ್ಲಿ ಮುದ್ರಿತವಾದುದನ್ನು 78ರಲ್ಲಿ ನುಡಿಸಿದರೆ ಪ್ರತಿಯೊಂದು ಸ್ವರದ ಕಂಪನಸಂಖ್ಯೆಯೂ 1.054 ಪಟ್ಟಾಗುತ್ತದೆ. ಹಾರ್ಮೋನಿಯಮ್ಮಿನಲ್ಲಿ ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ಪ್ರಮಾಣ 1.059. ಎಂದರೆ, ಐದು ಮನೆ ಶ್ರುತಿಯಲ್ಲಿ ಹಾಡಿದವರ ಕಂಠ ಹೆಚ್ಚುಕಡಿಮೆ ಐದೂವರೆ ಮನೆಗೆ ಏರಿಬಿಡುತ್ತದೆ. 190 ಸೆಕೆಂಡುಗಳ ಹಾಡು 180ಕ್ಕೇ ಮುಗಿಯುತ್ತದೆ. ಹೀಗೆ ಶ್ರುತಿಯೂ ಕಾಲಪ್ರಮಾಣವೂ ಕೆಟ್ಟುದನ್ನು ಕೇಳಿ, ಹಿಂದಿನವರ ಗಾಯನಕ್ರಮವೇ ಹೀಗಿತ್ತೆಂದು ನಿರ್ಣಯಿಸುವುದು ಶಾಸ್ತ್ರೀಯವಾದೀತೆ? ಯಾವ ಸಂಸ್ಥೆ, ಯಾವ ವರ್ಷ, ಯಾವ ಊರಿನಲ್ಲಿ ಮುದ್ರಿಸಿತೆಂದು ತಿಳಿದರೆ ವೇಗವನ್ನು ಊಹಿಸಲು ಆಧಾರ ದೊರೆಯುತ್ತದೆ. ಆ ಆಧಾರವನ್ನು ಒದಗಿಸುವುದೇ ಸೂಚಿಯ ಕೆಲಸ.

ಪ್ಲೇಟಿನ ಮೇಲೆ ಸಾಮಾನ್ಯವಾಗಿ ಎರಡು ಸಂಖ್ಯೆಗಳಿರುತ್ತವೆ. ಲೇಬಲ್ಲಿನ ಮೇಲೆ ಅಚ್ಚಾದುದು ವ್ಯಾಪಾರದ ಸಂಖ್ಯೆ. ಲೇಬಲ್ಲಿನ ಅಂಚಿನ ಸುತ್ತ ನುಣುಪಾದ ಭಾಗದಲ್ಲಿ ಕೊರೆದುದು ಮ್ಯಾಟ್ರಿಕ್ಸ್ ಸಂಖ್ಯೆ. ಇದು ಮುದ್ರಣವಾದ ಆ ಒಂದು ಸಂದರ್ಭದ ಗುರುತು. ಈ ಎರಡನೆಯ ಸಂಖ್ಯೆಗಳು ಬಹುಮಟ್ಟಿಗೆ ಸರಣಿಯಾಗಿ ಸಾಗುವುದರಿಂದ, ನಡುವೆ ಒಂದು ಬಿಟ್ಟುಹೋಗಿದ್ದರೆ ಅಲ್ಲಿ ಏನೋ ಇದ್ದಿತೆಂದು ತಿಳಿಯುತ್ತದೆ. ಮೆಂಡಲೀಫನು ತನ್ನ ಕೋಷ್ಟಕದಲ್ಲಿ ತೆರವು ಬಿಟ್ಟ ಸ್ಥಾನಕ್ಕೆ 1875ರಲ್ಲಿ ಗ್ಯಾಲಿಯಂ ಬಂದು ಕುಳಿತ ಸಂಗತಿ ವಾಚಕರಿಗೆ ನೆನಪಿರಬಹುದು. ಒಳ್ಳೆಯ ಪಟ್ಟಿ ಇರುವುದನ್ನು ಮಾತ್ರವಲ್ಲ, ಇಲ್ಲದುದನ್ನೂ ತೋರಿಸುತ್ತದೆ.

ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಅಮೆರಿಕದ ನೀಗ್ರೋ ಜನರ ಜಾಸ್ ಮತ್ತು ಬ್ಲೂಸ್ ಸಂಗೀತದ ಅಭಿಮಾನಿಗಳು ಮುಖ್ಯರು. ಜಾಸ್‌ನಲ್ಲಿ, ನಮ್ಮ ಮನೋಧರ್ಮ ಸಂಗೀತದಂತೆ, ಒಂದೇ ಕೃತಿಯನ್ನು ಎರಡು ಸಲ ನುಡಿಸಿದರೆ ಎರಡೂ ಬೇರೆಯಾಗುತ್ತವೆ. ಆದುದರಿಂದ ಯಾವ ದಿನದ್ದೆಂದು ತಿಳಿಯುವುದು ಅಗತ್ಯ. 1936ರಲ್ಲಿ ಪ್ಯಾರಿಸ್ಸಿನ ಶಾರ್ಲ್ ದೆಲೊನೆ ಅಂತಹ ಸೂಚಿಯೊಂದನ್ನು ಪ್ರಕಟಿಸಿದರು. ಬ್ರಿಯಾನ್ ರಸ್ಟ್ ಜಾಸ್‌ಗೂ, ಡಿಕ್ಸನ್ ಮತ್ತು ಗಾಡ್ರಿಚ್ ಬ್ಲೂಸ್‌ಗೂ ಬೃಹತ್ ಸೂಚಿಗಳನ್ನು ರಚಿಸಿದರು. ಪ್ಯಾರಮೌಂಟ್ ಸಂಸ್ಥೆಯ ಕಡತಗಳು ಬಹುಪಾಲು ಉಳಿಯದಿದ್ದರೂ, ಉಳಿದ ಪ್ಲೇಟುಗಳ ಸಂಖ್ಯೆಗಳಿಂದಲೂ ಹಳೆಯ ಜಾಹೀರಾತುಗಳಿಂದಲೂ ಅದರ ಪಟ್ಟಿಯನ್ನು ಮತ್ತೆ ಕಟ್ಟಲಾಯಿತು. 1930ರಲ್ಲಿ ಸನ್ ಹೌಸ್ ಹಾಡಿದ ‘ಕ್ಲಾರ್ಕ್ಸ್‌ಡೇಲ್ ಮೋನ್’ ಎಷ್ಟೋ ದಶಕಗಳ ಕಾಲ ಸೂಚಿಯಲ್ಲಿ ಹೆಸರಾಗಿ ಮಾತ್ರ ಇದ್ದಿತು. ಕೊನೆಗೆ ಪ್ರತಿಯೊಂದು ದೊರೆತು 2006ರಲ್ಲಿ ಮರುಪ್ರಕಟವಾಯಿತು. ಹೆಸರಿದ್ದುದರಿಂದಲೇ ಅದು ಏನೆಂದು ಗುರುತಿಸಲು ಸಾಧ್ಯವಾಯಿತು.

ನಮ್ಮ ದೇಶದ ಕಥೆಯೂ ಸಣ್ಣದಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿದರು. ಆ ಗಾಯಕಿ ತಮ್ಮ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡರು. 1908ರವರೆಗಿನ ಭಾರತೀಯ ಮುದ್ರಿಕೆಗಳ ಸೂಚಿಯನ್ನು ಮೈಕಲ್ ಕಿನ್ನಿಯರ್ 1994ರಲ್ಲಿ ಪ್ರಕಟಿಸಿದರು. ಸಂಸ್ಥೆಯ ಕಡತವನ್ನು ಆಧರಿಸಿದ ಸೂಚಿ ಏನು ಮುದ್ರಿತವಾಯಿತೆಂದು ಹೇಳೀತು. ಯಾವುದು ಉಳಿದಿದೆಯೆಂದು ಹೇಳಬೇಕಾದವು ಮನೆಗಳು.

ಈಗ ಎಲ್ಲವೂ ಅಂತರಜಾಲದಲ್ಲಿ ಸಿಗುತ್ತದೆ, ಸೂಚಿಯೇಕೆ ಎಂಬ ಆಕ್ಷೇಪವುಂಟು. ಸಿಗುತ್ತದೆ ನಿಜ, ಆದರೆ ಅನೇಕ ವೇಳೆ ಸಂಖ್ಯೆಯಿಲ್ಲದೆ, ವರ್ಷವಿಲ್ಲದೆ, ಒಬ್ಬರ ಹೆಸರು ನಾಲ್ಕು ಬಗೆಯ ಕಾಗುಣಿತದಲ್ಲಿ ಸಿಗುತ್ತದೆ. ಏಕಮಾನವನ್ನು ಬರೆಯದೆ ಕೊಟ್ಟ ಉತ್ತರಕ್ಕೆ ಭೌತವಿಜ್ಞಾನದ ಪರೀಕ್ಷೆಯಲ್ಲಿ ನಾವು ಪೂರ್ಣಾಂಕ ಕೊಡುವುದಿಲ್ಲ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಲ್ಲಿ ಹಳೆಯ ಮನೆಗಳು ದಿನದಿನಕ್ಕೆ ಕೆಡವಲ್ಪಡುತ್ತಿವೆ. ಅಟ್ಟದ ಮೇಲಿನ ಪ್ಲೇಟು ಗುಜರಿಗೆ ಹೋದರೆ, ಅಥವಾ ಕೈತಪ್ಪಿ ಬಿದ್ದು ಚೂರಾದರೆ, ಅದರೊಡನೆ ಅದರ ಸಂಖ್ಯೆಯೂ ಹೋಯಿತು. ಪ್ರತಿಯೊಂದು ತಾಲ್ಲೂಕಿನ ಕಾಲೇಜೂ ಒಂದು ದಾಖಲೆ ಪುಸ್ತಕವನ್ನಿಡಬೇಕೆಂಬುದು ನಮ್ಮ ಸಲಹೆ. ಸಂಸ್ಥೆ, ಲೇಬಲ್ಲಿನ ಸಂಖ್ಯೆ, ಮ್ಯಾಟ್ರಿಕ್ಸ್ ಸಂಖ್ಯೆ, ಅಚ್ಚಾದಂತೆಯೇ ಹೆಸರು, ಪ್ಲೇಟಿನ ಸ್ಥಿತಿ, ಇಷ್ಟು ಅಂಕಣಗಳು ಸಾಕು. ಎರಡು ಮಗ್ಗುಲಿನ ಛಾಯಾಚಿತ್ರವೂ ಇರಲಿ. ಪ್ಲೇಟು ಮನೆಯವರ ಬಳಿಯೇ ಇರಲಿ; ಹಳೆಯ ಉಕ್ಕಿನ ಮುಳ್ಳಿನಿಂದ ಅದನ್ನು ನುಡಿಸಿ ಸವೆಸುವುದು ಬೇಡ. ದಾಖಲೆಯ ಒಂದು ಪ್ರತಿಯನ್ನು ಕಾಲೇಜಿನ ಗ್ರಂಥಾಲಯಕ್ಕೂ, ಇನ್ನೊಂದನ್ನು ಗುರುಗ್ರಾಮದಲ್ಲಿರುವ ಸಂಗೀತ ಸಂಶೋಧನಾ ಸಂಗ್ರಹಾಲಯದಂತಹ ಸಂಸ್ಥೆಗೂ ಕೊಡಬಹುದು.

ಇದಕ್ಕೆ ಬೇಕಾದುದು ಪ್ರಯೋಗಶಾಲೆಯ ಮಸೂರವೊಂದು, ಓರೆಯಾಗಿ ಬೀಳುವ ಬೆಳಕು, ಕಂಡುದನ್ನು ಕಂಡಂತೆ ಬರೆಯುವ ಶಿಸ್ತು. ಈ ಮೂರನ್ನೂ ನಮ್ಮ ವಿದ್ಯಾರ್ಥಿಗಳು ಬಲ್ಲರು. ಮನೆಯವರು ಅಟ್ಟದ ಬಾಗಿಲನ್ನು ತೆರೆದುಕೊಡಬೇಕು.