ಎಳೆಗೂಸಿನ ಊಟವೂ ಹಿತ್ತಲಿನ ಬೇಸಾಯವೂ

ಅಮ್ಮತ್ತಿಯ ಸುತ್ತಮುತ್ತಣ ಸೀಮೆಯು ಕಾಫಿಗೂ ಕರಿಮೆಣಸಿಗೂ ಹೆಸರಾದುದೆಂಬುದು ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ. ಈ ಎರಡು ಪೈರುಗಳ ಗೊಬ್ಬರ, ನೆರಳು, ರೋಗ, ಧಾರಣೆ ಇವುಗಳ ವಿಷಯವಾಗಿ ಬರೆಯುವವರಿಗೆ ಕೊರತೆಯಿಲ್ಲ. ಆದರೆ ಅದೇ ತೋಟದ ಯಜಮಾನನ ಮನೆಯಲ್ಲಿಯೂ ಆಳುಗಳ ಲೈನುಮನೆಯಲ್ಲಿಯೂ ಆರು ತಿಂಗಳು ತುಂಬಿದ ಕೂಸಿಗೆ ಏನನ್ನು ಉಣ್ಣಿಸುತ್ತಾರೆಂಬುದು ವ್ಯವಸಾಯಕ್ಕೆ ಸಂಬಂಧಪಟ್ಟ ವಿಷಯವಲ್ಲವೆಂದೂ, ಅದು ವೈದ್ಯರ ಅಥವಾ ಮನೆಯ ಅಜ್ಜಿಯರ ವಿಚಾರವೆಂದೂ ಭಾವಿಸಲಾಗಿದೆ. ಈ ಭಾವನೆಯು ಸರಿಯಲ್ಲವೆಂಬುದೇ ನಮ್ಮ ಅಭಿಪ್ರಾಯ. ಕಾಫಿಯನ್ನು ಮಾರಿ ಹಣವನ್ನು ತರಬಹುದು. ಕೂಸಿನ ಬಟ್ಟಲಿಗೆ ಕಾಫಿಯನ್ನು ಬಡಿಸಲಾಗದು. ಆ ಬಟ್ಟಲು ತುಂಬಬೇಕಾದುದು ಗದ್ದೆಯಿಂದ, ಹಿತ್ತಲಿನಿಂದ, ಕೋಳಿಗೂಡಿನಿಂದ.

ಹುಟ್ಟಿದ ಮೊದಲ ಆರು ತಿಂಗಳು ಶಿಶುವಿಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಕಾಗಿಲ್ಲ. ಆ ಬಳಿಕ ಹಾಲನ್ನು ಬಿಡಿಸದೆ ಅದರೊಡನೆ ಬೇರೆ ಆಹಾರವನ್ನು ಆರಂಭಿಸತಕ್ಕದ್ದು. ನಮ್ಮ ಪೂರ್ವಿಕರು ಅನ್ನಪ್ರಾಶನಕ್ಕೆ ಆರನೆಯ ತಿಂಗಳನ್ನೇ ಗೊತ್ತುಮಾಡಿದ್ದುದು ಇಲ್ಲಿ ನೆನೆಯತಕ್ಕ ಮಾತು. ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುವ ಕಾಲವೂ ಅದೇ. ಎದೆಹಾಲಿನಿಂದ ಬರುವುದಲ್ಲದೆ, ಆರರಿಂದ ಎಂಟು ತಿಂಗಳ ಕೂಸಿಗೆ ದಿನಕ್ಕೆ ಸುಮಾರು 200 ಕ್ಯಾಲರಿಗಳಷ್ಟು, ಒಂಬತ್ತರಿಂದ ಹನ್ನೊಂದು ತಿಂಗಳಲ್ಲಿ 300, ವರ್ಷ ದಾಟಿದ ಮೇಲೆ 550 ಕ್ಯಾಲರಿಗಳಷ್ಟು ಶಕ್ತಿಯು ಆಹಾರದಿಂದ ಒದಗಬೇಕು. ಇದಕ್ಕಿಂತಲೂ ಮುಖ್ಯವಾದುದು ಕಬ್ಬಿಣಾಂಶ. ಗರ್ಭದಲ್ಲಿರುವಾಗ ಶಿಶುವು ಕೂಡಿಟ್ಟುಕೊಂಡು ಬಂದ ಕಬ್ಬಿಣಾಂಶವು ಸರಿಸುಮಾರು ಆರನೆಯ ತಿಂಗಳ ವೇಳೆಗೆ ಮುಗಿಯುತ್ತ ಬರುತ್ತದೆ. ತಾಯಿಯ ಹಾಲಿನಲ್ಲಿ ಅದು ಬಹು ಸ್ವಲ್ಪ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5 ಮಂದಿ ರಕ್ತಹೀನರೆಂದು ಕಂಡುಬಂದಿತು. ಕೊಡಗಿನ ಹಸುರನ್ನು ನೋಡಿ ಇಲ್ಲಿ ಹಾಗಿರಲಾರದೆಂದು ಸಮಾಧಾನಪಟ್ಟುಕೊಳ್ಳಲು ಆಧಾರವಿಲ್ಲ.

ನಮ್ಮಲ್ಲಿ ಸಾಧಾರಣವಾಗಿ ನಡೆಯುವ ತಪ್ಪು ಯಾವುದೆಂದರೆ, ಗಂಜಿಯ ತಿಳಿ. ಅನ್ನ ಬಸಿದ ನೀರು ಹಗುರವಾದುದು, ಜೀರ್ಣಕ್ಕೆ ಒಳ್ಳೆಯದು ಎಂದು ಅದನ್ನೇ ದಿನಕ್ಕೆ ಮೂರು ನಾಲ್ಕು ಸಲ ಕುಡಿಸುವರು. ಎಂಟು ಕಿಲೋ ತೂಗುವ ಕೂಸಿನ ಹೊಟ್ಟೆಯು ಒಂದು ಸಲಕ್ಕೆ ಹಿಡಿಯುವುದು ಸುಮಾರು 240 ಮಿಲಿಲೀಟರು ಮಾತ್ರ. ಅಷ್ಟು ಸ್ಥಳವನ್ನು ನೀರಿನಿಂದಲೇ ತುಂಬಿಬಿಟ್ಟರೆ ಕೂಸು ಅಳುವುದನ್ನು ನಿಲ್ಲಿಸೀತು, ಬೆಳೆಯಲಾರದು. ಚಮಚವನ್ನು ಓರೆಮಾಡಿದರೆ ಕೂಡಲೆ ಸುರಿದುಹೋಗದೆ ಅದಕ್ಕೆ ಅಂಟಿಕೊಂಡಿರುವಷ್ಟು ಆಹಾರವು ಗಟ್ಟಿಯಾಗಿರಬೇಕು. ಮೊದಲು ಎರಡು ಮೂರು ಚಮಚದಿಂದ ತೊಡಗಿ ಕ್ರಮೇಣ ಹೆಚ್ಚಿಸುತ್ತ ಹೋಗತಕ್ಕದ್ದು.

ಗಟ್ಟಿ ಆಹಾರಕ್ಕಾಗಿ ಅಂಗಡಿಗೆ ಓಡಬೇಕಾದುದಿಲ್ಲ. ಕಡಂಬುಟ್ಟಿಗೂ ಪಾಪುಟ್ಟಿಗೂ ಬೇಕಾದ ಅಕ್ಕಿತರಿಯು ಕೊಡಗಿನ ಅಡಿಗೆಮನೆಗಳಲ್ಲಿ ಇದ್ದೇ ಇರುತ್ತದೆ. ಮೂರು ಪಾಲು ತರಿ, ಒಂದು ಪಾಲು ಹುರಿದ ಹೆಸರುಬೇಳೆ, ಇವನ್ನು ಚೆನ್ನಾಗಿ ಬೇಯಿಸಿ ಮಸೆದು ಒಂದು ಚಮಚ ತುಪ್ಪವನ್ನೋ ತೆಂಗಿನೆಣ್ಣೆಯನ್ನೋ ಸೇರಿಸಿದರೆ ಕೂಸಿಗೆ ಒಳ್ಳೆಯ ಊಟವಾಗುವುದು. ಅಕ್ಕಿಯಲ್ಲಿ ಕಡಮೆಯಾಗಿರುವ ಪೋಷಕಾಂಶವನ್ನು ಬೇಳೆಯು ತುಂಬುತ್ತದೆ. ಜಿಡ್ಡು ಬಟ್ಟಲನ್ನು ದೊಡ್ಡದು ಮಾಡದೆ ಶಕ್ತಿಯನ್ನು ಹೆಚ್ಚಿಸುತ್ತದೆ. ಮನೆಮಂದಿಗಾಗಿ ಬೇಯಿಸಿದ ಕಡಂಬುಟ್ಟನ್ನು ಖಾರ ಹಾಕುವ ಮೊದಲೇ ತೆಗೆದಿಟ್ಟ ಬೇಳೆಕಟ್ಟಿನಲ್ಲಿ ಹಿಸುಕಿಕೊಟ್ಟರೂ ಆದೀತು. ವರ್ಷ ತುಂಬುವ ತನಕ ಉಪ್ಪೂ ಸಕ್ಕರೆಯೂ ಬೇಡ. ಸಪ್ಪೆಯೆಂದು ಮುಖ ಸಿಂಡರಿಸುವವರು ದೊಡ್ಡವರೇ ಹೊರತು ಕೂಸಲ್ಲ.

ರಾಗಿಯ ವಿಷಯದಲ್ಲಿ ಒಂದು ಮಾತು. ರಾಗಿಯನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಮೊಳಕೆಯನ್ನು ಉಜ್ಜಿ ತೆಗೆದು ಬೀಸಿದ ಹಿಟ್ಟಿಗೆ ಒಂದು ವಿಶೇಷ ಗುಣವುಂಟು. ಗಟ್ಟಿಯಾದ ಗಂಜಿಯು ತುಸು ಆರಿದ ಮೇಲೆ ಈ ಹಿಟ್ಟನ್ನು ಅರ್ಧ ಚಮಚ ಕಲಸಿದರೆ, ಮೊಳಕೆಯಲ್ಲಿ ಹುಟ್ಟಿದ ಕಿಣ್ವವು ಪಿಷ್ಟವನ್ನು ಒಡೆದು, ನೀರು ಬೆರಸದೆಯೇ ಗಂಜಿಯು ಸಡಿಲವಾಗುವುದು. ಬಳಿಕ ಇನ್ನೊಮ್ಮೆ ಕುದಿ ಬರಿಸಿ ಉಣ್ಣಿಸಬೇಕು. ಹಿಟ್ಟನ್ನು ಹೆಚ್ಚಾಗಿ ಹುರಿದರೆ ಈ ಗುಣವು ಕೆಡುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಕಡೆ ಬಿಸಿಲನ್ನು ನಂಬುವಂತಿಲ್ಲವಾದುದರಿಂದ ಈ ಕೆಲಸವನ್ನು ಬೇಸಗೆಯಲ್ಲಿಯೇ ಮುಗಿಸಿ, ಹಿಟ್ಟನ್ನು ತೇವ ತಗಲದ ಡಬ್ಬಿಯಲ್ಲಿ ಇಡುವುದು ಒಳ್ಳೆಯದು. ಮುಗ್ಗಲು ವಾಸನೆ ಬಂದ ಹಿಟ್ಟನ್ನು ಕೂಸಿಗೆ ಕೊಡಲೇಬಾರದು.

ಪೇಟೆಯಲ್ಲಿ ಸಿಗುವ ಡಬ್ಬಿಯ ಆಹಾರದಲ್ಲಿ ಕಬ್ಬಿಣಾಂಶವನ್ನು ಬೆರಸಿರುತ್ತಾರೆಂಬುದು ನಿಜ. ಅದನ್ನು ಮರೆಮಾಚಿ ಮನೆಯೂಟವನ್ನು ಹೊಗಳುವುದು ನ್ಯಾಯವಲ್ಲ. ಬರಿಯ ಅಕ್ಕಿಬೇಳೆಯಿಂದ ಆ ಕೊರತೆಯು ತುಂಬುವುದಿಲ್ಲ. ಆದಕಾರಣ ಚೆನ್ನಾಗಿ ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು, ನುಣ್ಣಗೆ ಅರೆದ ಕೋಳಿಯ ಈಲಿ ಅಥವಾ ಮಾಂಸ, ಇವು ಆರನೆಯ ತಿಂಗಳಿಂದಲೇ ಬಟ್ಟಲಿಗೆ ಬರಬೇಕು. ಮಾಂಸ ತಿನ್ನುವ ಮನೆಗಳಲ್ಲಿಯೂ ಕೂಸಿಗೆ ಮಾತ್ರ ಅದು ಭಾರವೆಂದು ವರ್ಷಗಟ್ಟಲೆ ದೂರವಿಡುವುದು ಅರ್ಥವಿಲ್ಲದ ಅಂಜಿಕೆ. ತಿನ್ನದವರು ಬೇಳೆ, ಸೊಪ್ಪುಗಳೊಡನೆ ಕಿತ್ತಳೆಯ ರಸವನ್ನು ಕೊಟ್ಟರೆ ಕಬ್ಬಿಣಾಂಶವು ಮೈಗೆ ಹೆಚ್ಚು ಹತ್ತುವುದು. ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣಾಂಶದ ದ್ರವವನ್ನು ವಾರಕ್ಕೆ ಎರಡು ಸಲ ಹಾಕುವುದನ್ನು ಬಿಡಬಾರದು.

ಕೊಡಗಿನಲ್ಲಿ ವಿಶೇಷವಾಗಿ ಎರಡು ಎಚ್ಚರಿಕೆಗಳು ಬೇಕು. ಜೇನು ನಮ್ಮ ಹೆಮ್ಮೆಯ ಪದಾರ್ಥ. ಹುಟ್ಟಿದ ಕೂಸಿನ ನಾಲಗೆಗೆ ಜೇನನ್ನು ನೆಕ್ಕಿಸುವ ವಾಡಿಕೆಯೂ ಅನೇಕರಲ್ಲಿ ಉಂಟು. ಆದರೆ ಜೇನಿನಲ್ಲಿ ಒಮ್ಮೊಮ್ಮೆ ಬೊಟುಲಿನಮ್ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳಿರುತ್ತವೆ. ದೊಡ್ಡವರಿಗೆ ಅವು ಏನೂ ಮಾಡವು. ವರ್ಷದೊಳಗಿನ ಶಿಶುವಿನ ಕರುಳಿನಲ್ಲಿ ಬೆಳೆದು ವಿಷವನ್ನುಂಟುಮಾಡಬಲ್ಲವು. ಜೇನು ಎಷ್ಟೇ ಶುದ್ಧವಾಗಿರಲಿ, ಒಂದು ವರ್ಷ ತುಂಬುವ ತನಕ ಅದು ಸಲ್ಲದು. ಎರಡನೆಯದು ಬೆಲ್ಲದ ಕಾಫಿ ಮತ್ತು ಚಹ. ಅಳುವ ಮಗುವಿಗೆ ಇವನ್ನು ಒಂದೆರಡು ಗುಟುಕು ಕುಡಿಸುವುದುಂಟು; ಇವು ಹಸಿವನ್ನು ಕೊಂದು, ಊಟದ ಕಬ್ಬಿಣಾಂಶವು ಮೈಗೆ ಹತ್ತದಂತೆ ತಡೆಯುತ್ತವೆ.

ಇನ್ನು ಹಿತ್ತಲಿನ ಮಾತು. ಗದ್ದೆಗಳು ಬೀಳುಬಿದ್ದು ಅಥವಾ ತೋಟವಾಗಿ ಮಾರ್ಪಡುತ್ತಿರುವ ಈ ದಿನಗಳಲ್ಲಿ ಮನೆಯ ಸುತ್ತಲೂ ಹೊಸ್ತಿಲವರೆಗೆ ಕಾಫಿಯನ್ನೇ ನೆಟ್ಟವರನ್ನು ನೋಡುತ್ತೇವೆ. ಎರಡು ಸೆಂಟು ಜಾಗವನ್ನು ಬಿಡುವುದರಿಂದ ಯಾವ ತೋಟವೂ ಬಡವಾಗದು. ಅಲ್ಲಿ ನಾಲ್ಕು ಪರಂಗಿ ಗಿಡ, ಒಂದು ಕುಂಬಳಬಳ್ಳಿ, ಹರಿವೆ ಮತ್ತು ಬಸಳೆಯ ಮಡಿ, ಎರಡು ನೇಂದ್ರಬಾಳೆ, ಬದಿಯಲ್ಲಿ ಐದಾರು ನಾಟಿಕೋಳಿ ಇದ್ದರೆ ಸಾಕು. ಪರಂಗಿಯಲ್ಲಿ ‘ಕೂರ್ಗ್ ಹನಿಡ್ಯೂ’ ಎಂಬ ತಳಿಯು ನಮ್ಮ ಚೆಟ್ಟಳ್ಳಿಯ ಪ್ರಯೋಗಕೇಂದ್ರದಲ್ಲಿಯೇ ಆರಿಸಿ ತೆಗೆದುದು. ಬುಡದಲ್ಲಿ ನೀರು ನಿಂತರೆ ಗಿಡವು ಕೊಳೆಯುವುದರಿಂದ ಏರುಮಡಿಯ ಮೇಲೆ ನೆಡಬೇಕು. ತೋಟಕ್ಕೆ ಹೊಡೆಯುವ ಔಷಧಿಯ ತುಂತುರು ಬೀಳುವೆಡೆಯಲ್ಲಿ ಈ ಮಡಿಯನ್ನು ಮಾಡಕೂಡದು.

ಲೈನುಮನೆಗಳಲ್ಲಿರುವವರಿಗೆ ಹಿತ್ತಲೂ ಇಲ್ಲ, ಹೊತ್ತೂ ಇಲ್ಲ. ಯರವರು, ಕುರುಬರು, ಈಚೆಗೆ ಅಸ್ಸಾಮು ಮತ್ತು ಬಂಗಾಳಗಳಿಂದ ಬಂದವರು, ಇವರಲ್ಲಿ ಕೊಯ್ಲಿನ ಕಾಲದಲ್ಲಿ ತಾಯಿಯು ಬೆಳಗ್ಗೆ ತೋಟಕ್ಕೆ ಹೋದರೆ ಕೂಸು ಅದರ ಅಕ್ಕನ ಕಂಕುಳಲ್ಲಿ ಉಳಿಯುತ್ತದೆ. ಆ ಅಕ್ಕನಿಗೂ ಏಳೋ ಎಂಟೋ ವರ್ಷ. 50 ಅಥವಾ ಹೆಚ್ಚು ಮಂದಿ ಹೆಂಗಸರು ದುಡಿಯುವ ತೋಟದಲ್ಲಿ ಶಿಶುಗೃಹವಿರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆಯು ವಿಧಿಸಿತ್ತು. ನಮ್ಮ ಸಣ್ಣ ಹಿಡುವಳಿಗಳಲ್ಲಿ ಅಷ್ಟು ಮಂದಿ ಎಲ್ಲಿಂದ ಬರಬೇಕು? ಹಾಗೆಂದು ಕೂಸಿನ ಹಸಿವು ಕಾಯಿದೆಯ ಲೆಕ್ಕವನ್ನು ನೋಡುವುದಿಲ್ಲ. ನೆರೆಹೊರೆಯ ನಾಲ್ಕೈದು ತೋಟದವರು ಕೂಡಿ, ಕೊಯ್ಲು ಆರಂಭವಾಗುವುದಕ್ಕೆ ಮುಂಚೆ ಒಂದು ಕೋಣೆಯನ್ನೂ ಒಬ್ಬ ಹಿರಿಯ ಹೆಂಗಸನ್ನೂ ಗೊತ್ತುಮಾಡಿ, ತರಿ, ಬೇಳೆ, ಎಣ್ಣೆ, ಮೊಟ್ಟೆಗಳನ್ನು ಒದಗಿಸಲಿ. ಹತ್ತು ಗಂಟೆಗೊಮ್ಮೆ, ಒಂದು ಗಂಟೆಗೊಮ್ಮೆ ಬಿಸಿಯಾಗಿ ಉಣ್ಣಿಸಲಿ. ನಡುವೆ ತಾಯಿಯು ಬಂದು ಹಾಲೂಡಿ ಹೋಗಲು ಅರ್ಧ ಗಂಟೆಯ ಬಿಡುವನ್ನು ಕೂಲಿ ಹಿಡಿಯದೆ ಕೊಡಲಿ.